ನಕ್ಷೆಯ ಬಣ್ಣ ಮತ್ತು ಮನೆಯ ಹೊಸ್ತಿಲು

ಇತಿಹಾಸದ ಮೇಷ್ಟರಿಗೆ ಭೂಪಟದ ಮೇಲೆ ಮೋಹ ಹೆಚ್ಚು. ಅಶೋಕನ ಸಾಮ್ರಾಜ್ಯಕ್ಕೆ ಒಂದು ಬಣ್ಣ, ದಕ್ಷಿಣದ ಚೋಳ ಪಾಂಡ್ಯರಿಗೆ ಮತ್ತೊಂದು. ಗೆರೆ ಎಳೆದು ಬಣ್ಣ ತುಂಬಿಬಿಟ್ಟರೆ ಒಂದು ಯುಗವೇ ಕೈವಶವಾದಂತೆ ತೋರುತ್ತದೆ. ಆದರೆ ಆ ಬಣ್ಣದ ಒಳಗೆ ಬಾಳಿದ ಒಬ್ಬ ಕುಂಬಾರನ ದಿನ ಹೇಗೆ ಕಳೆಯುತ್ತಿತ್ತು, ರಾತ್ರಿ ಅವನು ಯಾರಿಗೆ ಅಂಜಿ ಬಾಗಿಲು ಭದ್ರಪಡಿಸುತ್ತಿದ್ದ ಎಂಬುದನ್ನು ಬಣ್ಣ ಹೇಳಲಾರದು. ನಿವೃತ್ತನಾದ ಮೇಲೆ ನನ್ನ ಮನಸ್ಸು ಹೆಚ್ಚಾಗಿ ಸುಳಿಯುವುದು ಹೀಗೆ ಹೇಳದೆ ಉಳಿದ ಸಂಗತಿಗಳ ಸುತ್ತಲೇ.

ಈಗ ಹೊಸ ಬಗೆಯ ಭೂಪಟಗಳು ಬಂದಿವೆ. ಗಂಡನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು, ಇಬ್ಬರ ಕಡೆಗೂ ಒಲವುಳ್ಳವರು, ಹುಟ್ಟಿದಾಗ ಹೇಳಲಾದ ಲಿಂಗ ತಮ್ಮದಲ್ಲವೆಂದು ಅರಿತವರು, ಇವರೆಲ್ಲರನ್ನೂ ಒಟ್ಟಾಗಿ ಎಲ್‌ಜಿಬಿಟಿಕ್ಯೂ ಎಂದು ಕರೆಯುವುದು ರೂಢಿಯಾಗಿದೆ. ಕನ್ನಡದಲ್ಲಿ ಲೈಂಗಿಕ ಅಲ್ಪಸಂಖ್ಯಾತರು ಎನ್ನುತ್ತೇವೆ. ಇವರ ವಿಷಯದಲ್ಲಿ ಯಾವ ದೇಶದ ಕಾನೂನು ಹೇಗಿದೆ ಎಂಬುದನ್ನು ನೋಡಿ ಲೋಕದ ನಕ್ಷೆಗೆ ಬಣ್ಣ ಹಚ್ಚುತ್ತಾರೆ. ಮದುವೆಗೆ ಮಾನ್ಯತೆಯಿದ್ದರೆ ಒಂದು ಬಣ್ಣ, ಸೆರೆವಾಸವಿದ್ದರೆ ಇನ್ನೊಂದು, ಮರಣದಂಡನೆಯಿದ್ದರೆ ಮತ್ತೊಂದು. ನನ್ನ ಹತ್ತಿರ ಓದಿದವರು ಇಂದು ದೋಹಾದಲ್ಲಿದ್ದಾರೆ, ಸಿಂಗಪುರದಲ್ಲಿದ್ದಾರೆ, ಟೆಕ್ಸಾಸಿನಲ್ಲಿದ್ದಾರೆ. ಬಹುಪಾಲು ಮಂದಿ ಬೆಂಗಳೂರಿನಲ್ಲಿದ್ದಾರೆ. ಅವರಲ್ಲಿ ಇಂಥವರೂ ಇದ್ದಾರೆ, ಇಂಥ ಮಕ್ಕಳನ್ನು ಹೆತ್ತವರೂ ಇದ್ದಾರೆ. ಓದಿಗೋ ನೌಕರಿಗೋ ಊರು ಆರಿಸಿಕೊಳ್ಳಬೇಕಾದಾಗ ಅವರು ಈ ನಕ್ಷೆಯನ್ನು ನೋಡುವುದು ಬರಿಯ ಕುತೂಹಲಕ್ಕಲ್ಲ. ಆದ್ದರಿಂದ ಇಂಥ ನಕ್ಷೆಯನ್ನು ಓದುವುದು ಹೇಗೆ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ಸ್ವಲ್ಪ ವಿಚಾರ ಮಾಡೋಣ.

ಮೊದಲು ಕಾನೂನಿನ ಮಾತು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ, 1533ರಲ್ಲಿ, ಇಂಥ ಸಂಬಂಧಕ್ಕೆ ಮರಣದಂಡನೆ ವಿಧಿಸುವ ಶಾಸನವಾಯಿತು. ಈ ಅಪರಾಧಕ್ಕಾಗಿ ಅಲ್ಲಿ ಕೊನೆಯ ಬಾರಿ ಇಬ್ಬರನ್ನು ಗಲ್ಲಿಗೇರಿಸಿದ್ದು 1835ರಲ್ಲಿ. ಎರಡೇ ವರ್ಷಗಳ ಬಳಿಕ, 1837ರಲ್ಲಿ, ಮೆಕಾಲೆಯ ಆಯೋಗ ಭಾರತಕ್ಕಾಗಿ ದಂಡಸಂಹಿತೆಯ ಕರಡನ್ನು ಸಿದ್ಧಪಡಿಸಿತು. ಅದು ತಿದ್ದುಪಡಿಗಳೊಡನೆ 1860ರಲ್ಲಿ ಶಾಸನವಾಗಿ, 1862ರ ಜನವರಿ 1ರಿಂದ ಜಾರಿಗೆ ಬಂತು. ಅದರ 377ನೆಯ ಕಲಮು 'ನಿಸರ್ಗಕ್ಕೆ ವಿರುದ್ಧವಾದ' ಸಂಭೋಗಕ್ಕೆ ಜೀವಾವಧಿಯವರೆಗೆ ಶಿಕ್ಷೆಯನ್ನು ಇಟ್ಟಿತು. ಈ ಸಂಹಿತೆ ಭಾರತದಲ್ಲೇ ನಿಲ್ಲಲಿಲ್ಲ. ಬರ್ಮಾ, ಸಿಂಗಪುರ, ಮಲಯ, ಪೂರ್ವ ಆಫ್ರಿಕ, ಹೀಗೆ ಬ್ರಿಟಿಷರ ಬಾವುಟ ಹೋದಲ್ಲೆಲ್ಲ ಇದೇ ಕಲಮು, ಎಷ್ಟೋ ಕಡೆ ಅದೇ ಸಂಖ್ಯೆಯೊಡನೆ ಹೋಯಿತು. ಫ್ರಾನ್ಸಿನ ಕಥೆ ಬೇರೆ. ಕ್ರಾಂತಿಯ ಕಾಲದ 1791ರ ದಂಡಸಂಹಿತೆ ಈ ಅಪರಾಧವನ್ನು ಪಟ್ಟಿಯಿಂದ ಕೈಬಿಟ್ಟಿತು. ನೆಪೋಲಿಯನ್ನನ 1810ರ ಸಂಹಿತೆಯೂ ಅದನ್ನು ಮರಳಿ ತರಲಿಲ್ಲ. ಹೀಗಾಗಿ ಇಂದಿನ ನಕ್ಷೆಯಲ್ಲಿ ಕಪ್ಪಾಗಿ ಕಾಣುವ ಹಲವು ದೇಶಗಳ ಬಣ್ಣ ಆ ಜನರ ಸ್ವಭಾವದ ಬಣ್ಣವಲ್ಲ. ಅವರನ್ನು ಆಳಿದವರು ಬಿಟ್ಟುಹೋದ ಶಾಯಿಯ ಕಲೆ. ಹಾಗೆಂದು ಎಲ್ಲ ಹೊಣೆಯನ್ನೂ ಬಿಳಿಯರ ತಲೆಗೆ ಕಟ್ಟುವಂತಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್ 1967ರಲ್ಲಿ, ಸ್ಕಾಟ್ಲೆಂಡ್ 1980ರಲ್ಲಿ, ಉತ್ತರ ಐರ್ಲೆಂಡ್ 1982ರಲ್ಲಿ ತಮ್ಮ ಕಾನೂನನ್ನು ಸಡಿಲಿಸಿದವು. ನಾವು ಸ್ವತಂತ್ರರಾಗಿ ಎಪ್ಪತ್ತು ವರ್ಷ ಅದನ್ನು ಕಾಪಾಡಿಕೊಂಡು ಬಂದೆವು. ಉಗಾಂಡ 2023ರಲ್ಲಿ ಹಳೆಯದಕ್ಕಿಂತಲೂ ಕ್ರೂರವಾದ ಹೊಸ ಶಾಸನವನ್ನು ತಾನೇ ಮಾಡಿಕೊಂಡಿತು.

ನಮ್ಮಲ್ಲಿ ಕಲಮು ಹೋದ ಬಗೆಯನ್ನೂ ನೋಡಬೇಕು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ವಯಸ್ಕರು ಒಪ್ಪಿ ನಡೆಸುವ ಖಾಸಗಿ ಬದುಕಿಗೆ ಈ ಕಲಮು ಅನ್ವಯಿಸದು ಎಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅವರು ಪ್ರಶ್ನಿಸಿದ್ದು ಆಧಾರ್ ಯೋಜನೆಯನ್ನು. ಆದರೆ ಆ ತೀರ್ಪೇ 377ರ ಬುಡವನ್ನು ಅಲುಗಾಡಿಸಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ವಯಸ್ಕರ ಒಪ್ಪಿತ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟರು. 2023ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ, ಮದುವೆಯ ಹಕ್ಕನ್ನು ತಾನು ಕೊಡಲಾಗದು ಎಂದಿತು.

ಈ ಹತ್ತು ವರ್ಷಗಳಲ್ಲಿ ನಮ್ಮ ದೇಶದ ಬಣ್ಣ ಮೂರು ಸಲ ಬದಲಾಯಿತು. ಬೆಂಗಳೂರಿನ ಯಾವುದೋ ಬಡಾವಣೆಯ ಬಾಡಿಗೆ ಮನೆಯ ಒಡೆಯ, ಬೀದಿಯ ಕೊನೆಯ ಅಂಗಡಿಯವನು, ಗಸ್ತಿನ ಪೊಲೀಸ್ ಪೇದೆ, ಇವರೂ ಮೂರು ಸಲ ಬದಲಾದರೇ? ಇಲ್ಲ. ಹಾಗಾದರೆ ಕಾನೂನು ನಿರರ್ಥಕವೇ? ಅದೂ ಅಲ್ಲ. 377ರಡಿ ಶಿಕ್ಷೆಯಾದವರು ಕಡಿಮೆ. ಆ ಕಲಮಿನ ನಿಜವಾದ ಉಪಯೋಗ ನ್ಯಾಯಾಲಯದಲ್ಲಿ ಆಗಲಿಲ್ಲ, ಉದ್ಯಾನದ ಮೂಲೆಯಲ್ಲಿ ಆಯಿತು. 'ಮನೆಗೆ ತಿಳಿಸುತ್ತೇನೆ, ಕೇಸು ಹಾಕುತ್ತೇನೆ' ಎಂಬ ಬೆದರಿಕೆ, ಕಿಸೆಯಲ್ಲಿದ್ದುದನ್ನು ಕಿತ್ತುಕೊಳ್ಳುವುದು, ಲಾಠಿ ಏಟು. ಪಿಯುಸಿಎಲ್ ಸಂಸ್ಥೆಯ ಕರ್ನಾಟಕ ಘಟಕ 2001ರಲ್ಲಿ ಬೆಂಗಳೂರನ್ನು ಕುರಿತು ಪ್ರಕಟಿಸಿದ ವರದಿ ಇಂಥ ಅನುಭವಗಳನ್ನೇ ದಾಖಲಿಸಿತು. ಕೆಟ್ಟ ಕಾನೂನು ಪ್ರತಿಯೊಬ್ಬ ದುಷ್ಟನ ಕೈಗೂ ಒಂದು ಕೋಲು ಕೊಡುತ್ತದೆ. ಅದು ರದ್ದಾದರೆ ದುಷ್ಟ ಸಜ್ಜನನಾಗುವುದಿಲ್ಲ, ಕೋಲು ಮಾತ್ರ ಕೈಜಾರುತ್ತದೆ. ಅದೇನೂ ಸಣ್ಣ ಲಾಭವಲ್ಲ. ಕತಾರ್, ಸೌದಿ ಅರೇಬಿಯ, ಕುವೈತುಗಳಂಥ ಕಡೆ ಇಂದಿಗೂ ಇದು ಶಿಕ್ಷಾರ್ಹವೇ ಆಗಿರುವುದರಿಂದ, ಅಲ್ಲಿಗೆ ಹೊರಟವನು ಕೇಳಬೇಕಾದ ಮೊದಲ ಪ್ರಶ್ನೆ ಕಾನೂನಿನದೇ.

ಎರಡನೆಯ ಪ್ರಶ್ನೆ ಪೊಲೀಸ್ ಠಾಣೆಯದು. ಏಟು ತಿಂದವನು ಅಲ್ಲಿಗೆ ದೂರು ಕೊಡಲು ಹೋಗಬಲ್ಲನೇ? ದಕ್ಷಿಣ ಆಫ್ರಿಕದ ಉದಾಹರಣೆ ಇಲ್ಲಿ ಮುಖ್ಯ. ವರ್ಣಭೇದದ ನರಕದಿಂದ ಹೊರಬಂದ ಆ ದೇಶ 1996ರ ತನ್ನ ಸಂವಿಧಾನದಲ್ಲೇ ಲೈಂಗಿಕ ಒಲವಿನ ಕಾರಣಕ್ಕೆ ಯಾರನ್ನೂ ತಾರತಮ್ಯದಿಂದ ಕಾಣಕೂಡದೆಂದು ಬರೆದುಕೊಂಡಿತು. ಇಂಥ ರಕ್ಷಣೆಯನ್ನು ಸಂವಿಧಾನದಲ್ಲಿ ಇಟ್ಟ ಮೊದಲ ದೇಶ ಅದು. 2006ರಲ್ಲಿ ಮದುವೆಗೂ ಮಾನ್ಯತೆ ಬಂತು. ಎರಡು ವರ್ಷದೊಳಗೆ, 2008ರ ಏಪ್ರಿಲಿನಲ್ಲಿ, ದೇಶದ ಮಹಿಳಾ ಫುಟ್ಬಾಲ್ ತಂಡದಲ್ಲಿ ಆಡಿದ್ದ ಯೂಡಿ ಸಿಮೆಲಾನೆ ಎಂಬ ಯುವತಿಯನ್ನು ಅವಳ ಹುಟ್ಟೂರಾದ ಕ್ವಾಥೆಮಾದಲ್ಲಿ ಅತ್ಯಾಚಾರವೆಸಗಿ ಕೊಂದರು. ತಾನು ಹೆಣ್ಣನ್ನು ಪ್ರೀತಿಸುವವಳೆಂಬುದನ್ನು ಅವಳು ಬಚ್ಚಿಟ್ಟಿರಲಿಲ್ಲ. ನಕ್ಷೆಯಲ್ಲಿ ಆ ದೇಶದ್ದು ಅತ್ಯುತ್ತಮ ಬಣ್ಣ. ಆ ಹುಡುಗಿ ಬಿದ್ದಿದ್ದ ಜಾಗ ಅದೇ ಬಣ್ಣದ ಒಳಗೇ ಇತ್ತು.

ನಮ್ಮ ರಾಜ್ಯದ ಕಡೆಗೂ ಒಮ್ಮೆ ನೋಡೋಣ. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆ ಮಾಡಿದಾಗ, ಅದರ ಎರಡನೆಯ ಭಾಗವನ್ನು ಉತ್ತರ ಭಾರತದ ಹಿಜಡಾ ಸಮುದಾಯಕ್ಕೆಂದೇ ಮೀಸಲಿಟ್ಟಿತ್ತು. ಅವರ ಹೆಸರುಗಳನ್ನು ದಫ್ತರಿನಲ್ಲಿ ಬರೆಯಬೇಕು. ಹೆಣ್ಣುಡುಗೆಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ಹಾಡಿದರೆ, ಕುಣಿದರೆ ಶಿಕ್ಷೆ. ನಿಜಾಮರ ಹೈದರಾಬಾದಿನಲ್ಲಿಯೂ 1919ರಲ್ಲಿ ಇಂಥದೇ ಕಾನೂನು ಬಂತು. ಅದನ್ನು ತೆಲಂಗಾಣ ಹೈಕೋರ್ಟ್ ಅಸಿಂಧುಗೊಳಿಸಿದ್ದು 2023ರಲ್ಲಿ! ಇವೆಲ್ಲ ಹಳೆಯ ಕಾಲದ ಮಾತು ಎನ್ನುವಂತಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಎಂಬ ಕಲಮನ್ನು ಸೇರಿಸಿ, ಸಂಶಯಕ್ಕೆ ಒಳಗಾದ ಈ ಸಮುದಾಯದವರ ಹೆಸರು ವಿಳಾಸಗಳ ದಫ್ತರು ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಡಲಾಯಿತು. ಬ್ರಿಟಿಷರ ದಫ್ತರು ನೂರನಲವತ್ತು ವರ್ಷಗಳ ಬಳಿಕ ಮರುಹುಟ್ಟು ಪಡೆದಂತಾಯಿತು. ವಿಷಯ ಹೈಕೋರ್ಟಿಗೆ ಹೋದ ಮೇಲೆ, ಸಮುದಾಯವನ್ನು ಹೆಸರಿಸುತ್ತಿದ್ದ ಆ ಪದವನ್ನು ಸರ್ಕಾರ ತೆಗೆಯಿತು. ಇದೇ ರಾಜ್ಯ 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ನೀತಿಯೊಂದನ್ನು ಒಪ್ಪಿ, 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ ಶೇಕಡ 1ರಷ್ಟು ಮೀಸಲಾತಿ ಕೊಟ್ಟ ಮೊದಲ ರಾಜ್ಯವೆನಿಸಿತು. ಹತ್ತೇ ವರ್ಷಗಳಲ್ಲಿ ಒಂದೇ ವಿಧಾನಸೌಧದಿಂದ ಎರಡು ಬಗೆಯ ಕಾಗದಗಳು ಹೊರಟವು. ಯಾವುದನ್ನು ನೋಡಿ ಬಣ್ಣ ಹಚ್ಚುವುದು?

ಮೂರನೆಯದು ಸಂಪ್ರದಾಯ. 'ನಮ್ಮ ಸಂಸ್ಕೃತಿಯಲ್ಲಿ ಇಂಥವರಿಗೆ ಮೊದಲಿನಿಂದಲೂ ಸ್ಥಾನವಿತ್ತು' ಎಂದು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. 'ಇದೆಲ್ಲ ಪರದೇಶದಿಂದ ಬಂದ ರೋಗ' ಎಂದು ಇನ್ನು ಕೆಲವರು ಸಿಡುಕುತ್ತಾರೆ. ಎರಡನೆಯ ಮಾತು ಸುಳ್ಳೆಂದು ತಿಳಿಯಲು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದರೆ ಸಾಕು. ಗಂಡಾಗಿ ಹುಟ್ಟಿ ಸೀರೆಯುಟ್ಟು ದೇವಿಯ ಸೇವೆಗೆ ನಿಂತ ಜೋಗಪ್ಪಗಳು ತಲೆಯ ಮೇಲೆ ಕೊಡ ಹೊತ್ತು, ಚೌಡಿಕೆ ನುಡಿಸುತ್ತ ಹಾಡುವುದನ್ನು ಉತ್ತರ ಕರ್ನಾಟಕದ ಯಾರು ಕಂಡಿಲ್ಲ? ಭಕ್ತರು ಅವರ ಕಾಲಿಗೆರಗಿ ಆಶೀರ್ವಾದ ಬೇಡುತ್ತಾರೆ. ತಮಿಳುನಾಡಿನ ಕೂವಾಗಂ ಎಂಬ ಹಳ್ಳಿಯಲ್ಲಿ ಚಿತ್ತಿರೈ ಮಾಸದ ಹಬ್ಬದಂದು ಸಾವಿರಾರು ಮಂದಿ ಮಹಾಭಾರತದ ಅರವಾನನನ್ನು ವರಿಸಿ ತಾಳಿ ಕಟ್ಟಿಸಿಕೊಂಡು, ಮರುದಿನ ವಿಧವೆಯರಾಗಿ ಅಳುತ್ತಾರೆ.

ಆದರೆ ಮೊದಲನೆಯ ಮಾತೂ ಅರ್ಧ ಸತ್ಯವೇ. ಪದ್ಮಶ್ರೀ ಪುರಸ್ಕೃತೆ ಮಂಜಮ್ಮ ಜೋಗತಿಯವರ ಬಾಳನ್ನು ನೋಡಿ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಗಂಡುಮಗುವಾಗಿ ಹುಟ್ಟಿ, ಹರೆಯದಲ್ಲಿ ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗತಿಯಾದವರು. ದೇವಿಗೆ ಸಂದ ಮೇಲಾದರೂ ಮನೆಯಲ್ಲಿ ನೆಮ್ಮದಿ ಸಿಕ್ಕಿತೇ? ಇಲ್ಲ, ವಿಷ ಕುಡಿದು ಸಾಯಲು ಯತ್ನಿಸಿದರು, ಮನೆ ಬಿಟ್ಟರು, ಭಿಕ್ಷೆ ಬೇಡಿದರು. ಕಾಳವ್ವ ಜೋಗತಿಯವರಲ್ಲಿ ಜೋಗತಿ ನೃತ್ಯ ಕಲಿತು ಆ ಕಲೆಯಿಂದಲೇ ಬದುಕು ಕಟ್ಟಿಕೊಂಡರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪ್ರಶಸ್ತಿ ಸ್ವೀಕರಿಸುವ ಮುನ್ನ, ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ನಾಡೆಲ್ಲ ನೋಡಿ ಮೆಚ್ಚಿತು. ಅವರ ಏಳಿಗೆ ನಮ್ಮ ಹೆಮ್ಮೆ, ಸರಿ. ಆದರೆ ಅವರು ವಿಷ ಕುಡಿದ ಊರೂ ನಮ್ಮದೇ, ಕಾಲಿಗೆರಗಿದ ಭಕ್ತರೂ ನಮ್ಮವರೇ. ಸಂಪ್ರದಾಯ ಕೊಡುವ ಸ್ಥಾನ ನಿಜ. ಅದು ಗುಡ್ಡದ ಮೇಲೆ, ಜಾತ್ರೆಯ ದಿನ, ಒಂದು ಉಡುಗೆಯಲ್ಲಿ, ಒಂದು ಕಸುಬಿನಲ್ಲಿ ಮಾತ್ರ ದೊರೆಯುವ ಸ್ಥಾನ. ಅದೇ ಜೋಗಪ್ಪ ಗುಮಾಸ್ತಿಕೆ ಕೇಳಿ ಬಂದರೆ ಅಥವಾ ಎದುರುಮನೆಗೆ ಬಾಡಿಗೆಗೆ ಬಂದರೆ ಆ ಭಕ್ತಿ ಎಲ್ಲಿರುತ್ತದೆ? ಮತ್ತೊಂದು ಸೂಕ್ಷ್ಮವೂ ಇದೆ. ಒಂದು ಗುಂಪಿಗೆ ಸಿಕ್ಕ ಸ್ಥಾನ ಇನ್ನೊಂದಕ್ಕೆ ಸಿಗುವುದಿಲ್ಲ. ಗೆಳತಿಯನ್ನು ಪ್ರೀತಿಸುವ ಒಕ್ಕಲಿನ ಹುಡುಗಿಗೆ ಎಲ್ಲಮ್ಮನ ಗುಡ್ಡದಲ್ಲಿ ಯಾವ ಕೊಡವೂ ಇಲ್ಲ. ಇರಾನಿನಲ್ಲಿ ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆಗೆ 1980ರ ದಶಕದಲ್ಲೇ ಖೊಮೇನಿಯವರ ಫತ್ವಾದಿಂದ ಸಮ್ಮತಿ ದೊರೆಯಿತು. ಗಂಡು ಗಂಡಿನ ಸಂಬಂಧಕ್ಕೆ ಮಾತ್ರ ಮರಣದಂಡನೆಯ ಕಾನೂನು. ಆದ್ದರಿಂದ 'ಈ ನಾಡು ಇಂಥವರಿಗೆ ಒಳ್ಳೆಯದು' ಎಂದಾಗಲೆಲ್ಲ 'ಇಂಥವರಲ್ಲಿ ಯಾರಿಗೆ' ಎಂದು ಕೇಳಬೇಕು.

ನಾಲ್ಕನೆಯದು ಕಾಲ. ಇಂದು ಇರುವ ಆದರ ನಾಳೆಗೂ ಇರುತ್ತದೆಯೇ? ಈ ಪ್ರಶ್ನೆಗೆ ಬರ್ಲಿನ್ ನಗರಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ. ಜರ್ಮನಿಯ ದಂಡಸಂಹಿತೆಯಲ್ಲಿ 1871ರಿಂದ 175ನೆಯ ಕಲಮು ಗಂಡು ಗಂಡಿನ ಸಂಬಂಧವನ್ನು ಶಿಕ್ಷಾರ್ಹವಾಗಿಸಿತ್ತು. ಆದರೂ 1920ರ ದಶಕದ ಬರ್ಲಿನ್‌ನಲ್ಲಿ ಇಂಥವರಿಗಾಗಿಯೇ ಪತ್ರಿಕೆಗಳಿದ್ದವು, ಸಂಘಗಳಿದ್ದವು, ನೃತ್ಯಶಾಲೆಗಳಿದ್ದವು. ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಎಂಬ ಯಹೂದಿ ವೈದ್ಯರು 1897ರಲ್ಲೇ ಸಮಿತಿ ಕಟ್ಟಿ ಆ ಕಲಮಿನ ವಿರುದ್ಧ ಸಹಿ ಸಂಗ್ರಹಕ್ಕೆ ತೊಡಗಿದ್ದರು. 1919ರಲ್ಲಿ ಬರ್ಲಿನ್ನಿನಲ್ಲಿ ಲೈಂಗಿಕ ವಿಜ್ಞಾನದ ಸಂಸ್ಥೆಯನ್ನು ತೆರೆದರು. ಅಲ್ಲಿ ಚಿಕಿತ್ಸೆಯಿತ್ತು, ಸಲಹೆಯಿತ್ತು, ಹತ್ತು ಸಾವಿರಕ್ಕೂ ಮಿಕ್ಕಿದ ಗ್ರಂಥಗಳಿದ್ದವು. ಹೆಣ್ಣುಡುಗೆ ಉಡುವ ಗಂಡಸನ್ನು ಬೀದಿಯಲ್ಲಿ ಹಿಡಿಯದಿರಲೆಂದು ವೈದ್ಯರ ಪತ್ರ ನೋಡಿ ಪೊಲೀಸರೇ ರಹದಾರಿ ಕೊಡುತ್ತಿದ್ದರು. 1929ರಲ್ಲಿ ಸಂಸತ್ತಿನ ಸಮಿತಿಯೊಂದು 175ನ್ನು ಕೈಬಿಡಬೇಕೆಂದು ಬಹುಮತದಿಂದ ಹೇಳಿತ್ತು. ಆದರೆ ಅದು ಶಾಸನವಾಗಲಿಲ್ಲ. ಹಿರ್ಷ್‌ಫೆಲ್ಡ್ ಲೋಕಸಂಚಾರ ಹೊರಟು 1931ರಲ್ಲಿ ನಮ್ಮ ಭಾರತಕ್ಕೂ ಬಂದಿದ್ದರು. ಮರಳಿ ಜರ್ಮನಿಗೆ ಹೋಗಲಾಗಲಿಲ್ಲ.

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಮೇ 6ರಂದು ಸಂಸ್ಥೆಯನ್ನು ದೋಚಿದರು. 10ರಂದು ಅದರ ಪುಸ್ತಕಗಳನ್ನು ನಡುಬೀದಿಯಲ್ಲಿ ಸುಟ್ಟರು. ಪ್ಯಾರಿಸ್ಸಿನ ಚಿತ್ರಮಂದಿರವೊಂದರಲ್ಲಿ ಕುಳಿತು ಹಿರ್ಷ್‌ಫೆಲ್ಡ್ ಆ ಬೆಂಕಿಯನ್ನು ಸುದ್ದಿಚಿತ್ರದಲ್ಲಿ ಕಂಡರು. 1935ರಲ್ಲಿ ಪರದೇಶದಲ್ಲೇ ತೀರಿಕೊಂಡರು. ಅದೇ ವರ್ಷ 175ನ್ನು ಇನ್ನಷ್ಟು ಕಠಿಣಗೊಳಿಸಲಾಯಿತು. ನಾಜಿಗಳ ಕಾಲದಲ್ಲಿ ಸುಮಾರು 50,000 ಮಂದಿಗೆ ಶಿಕ್ಷೆಯಾಯಿತು. ಸಾವಿರಾರು ಜನರನ್ನು ಗುಲಾಬಿ ಬಣ್ಣದ ತ್ರಿಕೋನ ತೊಡಿಸಿ ಯಾತನಾ ಶಿಬಿರಗಳಿಗೆ ಕಳಿಸಿದರು. ಅವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಹಿಂದಿನ ಸರ್ಕಾರಗಳ ಪೊಲೀಸರು ಬರೆದಿಟ್ಟಿದ್ದ ಹೆಸರುಪಟ್ಟಿಗಳು ಸಿದ್ಧವಾಗಿದ್ದವು. ಯುದ್ಧ ಮುಗಿದ ಮೇಲೂ ಪಶ್ಚಿಮ ಜರ್ಮನಿ ಆ ನಾಜಿ ತಿದ್ದುಪಡಿಯನ್ನು 1969ರವರೆಗೆ ಹಾಗೆಯೇ ಇಟ್ಟುಕೊಂಡಿತು. ಕಲಮು ಪೂರ್ತಿ ಅಳಿದದ್ದು 1994ರಲ್ಲಿ. ಯುದ್ಧಾನಂತರ ಶಿಕ್ಷೆಗೊಳಗಾದವರ ಅಪರಾಧವನ್ನು ತೊಡೆದುಹಾಕಿದ್ದು 2017ರಲ್ಲಿ.

ಬರ್ಲಿನ್ನಿನಲ್ಲಿ ಆದರವಿತ್ತು, ಕಾನೂನಿನ ಆಸರೆ ಇರಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ಕಾನೂನಿತ್ತು, ಬೀದಿಯಲ್ಲಿ ಆದರವಿರಲಿಲ್ಲ. ಕೃಪೆಯಿಂದ ಬಂದ ಸುರಕ್ಷೆ ಕೃಪೆ ತೀರಿದ ದಿನ ಮುಗಿಯುತ್ತದೆ. ಕಾಗದದಿಂದ ಬಂದ ಸುರಕ್ಷೆ ಕಾಗದ ತಲುಪದ ಬೀದಿಯಲ್ಲಿ ಮುಗಿಯುತ್ತದೆ. ಕಾನೂನಿಗೆ ಬಾಳಿಕೆ ಕೊಡುವುದು ಜನ, ಜನರ ಆದರಕ್ಕೆ ಬೆನ್ನೆಲುಬು ಕೊಡುವುದು ಕಾನೂನು. ಈ ಮಾತು ಇಂದಿಗೂ ಸಲ್ಲುತ್ತದೆ. ಅಮೆರಿಕದಲ್ಲಿ 2015ರಲ್ಲಿ ದೇಶವ್ಯಾಪಿಯಾಗಿ ಮದುವೆಗೆ ಮಾನ್ಯತೆ ಬಂತು. 2021ರಿಂದೀಚೆಗೆ ಅಲ್ಲಿಯ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಲಿಂಗತ್ವ ಅಲ್ಪಸಂಖ್ಯಾತರಾದ ಎಳೆಯರ ವೈದ್ಯಕೀಯ ನೆರವಿಗೆ ಅಡ್ಡಗೋಡೆ ಕಟ್ಟಿವೆ. ನಮ್ಮ ನೆರೆಯ ನೇಪಾಳವಾದರೋ 2007ರಲ್ಲೇ ಸರ್ವೋಚ್ಚ ನ್ಯಾಯಾಲಯದ ಮೂಲಕ ಹಕ್ಕುಗಳನ್ನು ಒಪ್ಪಿ, 2023ರಲ್ಲಿ ಇಂಥ ಮೊದಲ ಮದುವೆಯನ್ನು ನೋಂದಾಯಿಸಿತು. ಶ್ರೀಮಂತ ದೇಶ ಮುಂದು, ಬಡ ದೇಶ ಹಿಂದು ಎಂಬ ಸರಳ ಲೆಕ್ಕ ಇಲ್ಲಿ ನಡೆಯದು.

ಕೊನೆಯ ಪ್ರಶ್ನೆ ಮನೆಯ ಹೊಸ್ತಿಲಿನದು; ನನ್ನ ದೃಷ್ಟಿಯಲ್ಲಿ ಅದೇ ಅತಿ ಮುಖ್ಯ. 2017ರಲ್ಲಿ ಕೊಚ್ಚಿ ಮೆಟ್ರೊ ಆರಂಭವಾದಾಗ ಇಪ್ಪತ್ತಕ್ಕೂ ಹೆಚ್ಚು ಲಿಂಗತ್ವ ಅಲ್ಪಸಂಖ್ಯಾತರಿಗೆ ಕೆಲಸ ಕೊಟ್ಟದ್ದು ದೇಶವೆಲ್ಲ ಕೊಂಡಾಡಿದ ಸುದ್ದಿ. 2015ರಲ್ಲೇ ಇವರಿಗಾಗಿ ನೀತಿ ರೂಪಿಸಿದ ಮೊದಲ ರಾಜ್ಯ ಕೇರಳ. ಆದರೆ ಕೆಲಸಕ್ಕೆ ಸೇರಿದ ಕೆಲವೇ ದಿನಗಳಲ್ಲಿ ಹಲವರು ಅದನ್ನು ಬಿಟ್ಟರು. ಕಾರಣ? ಊರಿನಲ್ಲಿ ಅವರಿಗೆ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ದಿನದಿನವೂ ವಸತಿಗೃಹದ ಬಾಡಿಗೆ ತೆರಲು ಸಂಬಳ ಸಾಲಲಿಲ್ಲ. ಸರ್ಕಾರ ನೀತಿ ಬರೆದಿತ್ತು, ಸಂಸ್ಥೆ ಕೆಲಸ ಕೊಟ್ಟಿತ್ತು. ಆ ಹಾದಿ ಮುಚ್ಚಿಹೋದದ್ದು ಯಾವ ಶತ್ರುವಿನಿಂದಲೂ ಅಲ್ಲ, ನಮ್ಮ ನಿಮ್ಮಂಥ ಗೃಹಸ್ಥರಿಂದ.

ಬಾಡಿಗೆಯ ಮನೆಯ ಮಾತು ಇರಲಿ, ಹುಟ್ಟಿದ ಮನೆಯೇ ಎಷ್ಟೋ ಮಕ್ಕಳಿಗೆ ಮೊದಲ ಅಪಾಯದ ಸ್ಥಳ. 2021ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಬಂದ ಪ್ರಕರಣ ಒಂದಿದೆ. ಪರಸ್ಪರ ಪ್ರೀತಿಸಿದ ಇಬ್ಬರು ಯುವತಿಯರು ಮಧುರೆಯಿಂದ ಚೆನ್ನೈಗೆ ಓಡಿಬಂದಿದ್ದರು. ಹೆತ್ತವರು ಪೊಲೀಸರಿಗೆ ದೂರು ಕೊಟ್ಟಿದ್ದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ತೀರ್ಪಿಗೆ ಮುನ್ನ, ಈ ವಿಷಯದಲ್ಲಿ ತಮಗೆ ತಿಳಿವಳಿಕೆ ಸಾಲದೆಂದು ಬಹಿರಂಗವಾಗಿ ಹೇಳಿ, ತಾವೇ ಮನಶ್ಶಾಸ್ತ್ರಜ್ಞರ ಬಳಿ ಕುಳಿತು ಕೇಳಿ ತಿಳಿದುಕೊಂಡರು. ಆ ಬಳಿಕ ಪೊಲೀಸರು ಇಂಥ ಜೋಡಿಗಳನ್ನು ಕಾಡಕೂಡದೆಂದೂ, 'ಗುಣಪಡಿಸುತ್ತೇವೆ' ಎಂದು ನಡೆಸುವ ಚಿಕಿತ್ಸೆಗಳು ನಿಲ್ಲಬೇಕೆಂದೂ ಆಜ್ಞಾಪಿಸಿದರು. ಹೈಕೋರ್ಟಿನ ನ್ಯಾಯಮೂರ್ತಿಗಳೇ ವಿದ್ಯಾರ್ಥಿಯಾಗಿ ಕುಳಿತರೆಂಬುದು ಉಪಾಧ್ಯಾಯ ವೃತ್ತಿಯಲ್ಲಿ ಬಾಳು ಕಳೆದ ನನಗೆ ತೀರ್ಪಿಗಿಂತಲೂ ಹಿರಿದಾಗಿ ಕಂಡಿತು.

ಊರು ಬಿಟ್ಟು ಊರಿಗೆ ಹೋಗಬಲ್ಲವರು ಸ್ವಲ್ಪ ಜನ. ವೀಸಾ ಇದ್ದವರು, ಇಂಗ್ಲಿಷ್ ಬಲ್ಲವರು, ಕೈಯಲ್ಲಿ ಹಣವಿದ್ದವರು ನಕ್ಷೆ ನೋಡಿ ದೇಶ ಆರಿಸಿಕೊಳ್ಳುತ್ತಾರೆ. ಕೊಪ್ಪಳದ ಹಳ್ಳಿಯ ಹುಡುಗನಿಗೆ ಆ ಆಯ್ಕೆಯಿಲ್ಲ. ಅವನ ಪಾಲಿಗೆ ನಾಡೆಂದರೆ ಅವನ ಓಣಿ, ಅವನ ಶಾಲೆ, ಅವನ ಸೋದರಮಾವನ ಮನೆ. ಒಂದು ಪ್ರದೇಶವನ್ನು ಅಳೆಯುವುದಾದರೆ ಅವನನ್ನು ನಿಲ್ಲಿಸಿ ಅಳೆಯಬೇಕು. ಅವನ ಸುತ್ತಲಿನ ಕಾನೂನನ್ನು ನಾವೊಬ್ಬೊಬ್ಬರೇ ಬದಲಿಸಲಾರೆವು. ಠಾಣೆಯನ್ನು ತಿದ್ದುವುದೂ ನಮ್ಮ ಕೈಯಲ್ಲಿಲ್ಲ. ಆದರೆ ಓದುತ್ತಿರುವ ನಿಮ್ಮಲ್ಲಿ ಅನೇಕರು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಮನೆ ಕಟ್ಟಿಸಿ ಒಂದು ಅಂತಸ್ತನ್ನು ಬಾಡಿಗೆಗೆ ಕೊಟ್ಟವರು. ಹಲವರು ಉಪಾಧ್ಯಾಯರಾಗಿದ್ದೀರಿ, ಕೆಲವರು ಅಧಿಕಾರಿಗಳಾಗಿದ್ದೀರಿ, ಎಲ್ಲರೂ ಯಾರಿಗೋ ಅತ್ತೆ ಮಾವ, ಚಿಕ್ಕಪ್ಪ ದೊಡ್ಡಮ್ಮ ಆಗಿದ್ದೀರಿ. ಮುಂದಿನ ಸಲ ಗೇಟಿಗೆ 'ಮನೆ ಬಾಡಿಗೆಗಿದೆ' ಎಂಬ ಫಲಕ ತೂಗುಹಾಕಿದಾಗ, ಕೇಳಿಕೊಂಡು ಬಂದವರ ನೌಕರಿಯನ್ನು ವಿಚಾರಿಸಿ, ಮುಂಗಡದ ಮಾತಾಡಿ, ಬೀಗದ ಕೈ ಕೊಡಿ. ದೀಪಾವಳಿಗೆ ಬಂದ ಮಗ ಜೊತೆಗಾರನೊಬ್ಬನನ್ನು ಕರೆತಂದು 'ಇವನೇ ನನ್ನವನು' ಎಂದರೆ ಇನ್ನೊಂದು ಎಲೆ ಹಾಕಿ.